ಕಾಣಿಸ್ತು ಅನ್ನಬೇಕು

ತಿರುಮಲನಿಗೆ ಮದುವೆಮನೆಯಲ್ಲಿ ಊಟಕ್ಕಿಂತ ಹೆಚ್ಚು ರುಚಿಸುತ್ತಿದ್ದದ್ದು ಅರುಂಧತಿ ದರ್ಶನದ ಹೊತ್ತಿಗೆ ಪುರೋಹಿತರ ಕಾಲೆಳೆಯುವುದು. ನಡುಮಧ್ಯಾಹ್ನ ಪುರೋಹಿತರು ಮಂಟಪದ ಚಾವಣಿಯ ಕಡೆ ಕೈಯೆತ್ತಿ, "ಅದೋ ನೋಡಮ್ಮಾ, ಅರುಂಧತಿ ನಕ್ಷತ್ರ" ಎನ್ನುತ್ತಾರೆ. ಅಲ್ಲಿ ಫ್ಯಾನು ತಿರುಗುತ್ತಿರುತ್ತದೆ. ಮದುಮಗಳು ಹೂವಿನ ಭಾರಕ್ಕೆ ಬಗ್ಗಿದ ಕತ್ತನ್ನು ಕಷ್ಟಪಟ್ಟು ಎತ್ತಿ "ಕಾಣಿಸ್ತು" ಎನ್ನುತ್ತಾಳೆ. ಮದುಮಗನೂ ಎನ್ನುತ್ತಾನೆ. ನಾದಸ್ವರದವರು ಜೋರಾಗಿ ಊದುತ್ತಾರೆ, ನೆಂಟರು ಎಲೆ ಹಾಕಿದರೋ ಇಲ್ಲವೋ ಎಂದು ಊಟದ ಹಾಲಿನ ಕಡೆ ಕತ್ತು ತಿರುಗಿಸುತ್ತಾರೆ. ತಿರುಮಲ ಮಾತ್ರ ಮುಂದಿನ ಸಾಲಿನಿಂದ, "ಆಚಾರ್ರೇ, ನಿಮ್ಮ ಅರುಂಧತಿಗೆ ಮೂರು ರೆಕ್ಕೆ ಇದೆಯಲ್ಲ, ಯಾವ ಕಂಪನೀದು?" ಎಂದು ಕೇಳುತ್ತಿದ್ದ. ನಗುವವರು ನಗುತ್ತಿದ್ದರು. ಪುರೋಹಿತರು ಇವನ ಮುಖ ಕಂಡರೇ ಮಂತ್ರ ನುಂಗುವಷ್ಟು ಬೇಸತ್ತಿದ್ದರು.

ಆಕಾಶವೆಂದರೆ ಅವನಿಗೆ ಹುಚ್ಚು. ವಿಮಾ ಕಚೇರಿಯಲ್ಲಿ ಜೀವಮಾನ ಸವೆಸಿ ನಿವೃತ್ತನಾದವನು. ಅಡ್ಯಾರಿನ ಹಳೆಯ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ಮನೆ, ಅದರ ಮೇಲೆ ತಾರಸಿ. ಆ ತಾರಸಿಯನ್ನು ಮದ್ರಾಸಿನಲ್ಲೇ ತಲೆಮಾರುಗಳಿಂದ ಇರುವ ಈ ಕನ್ನಡದ ಮನೆಯವರೂ ತಮಿಳಿನಲ್ಲಿ ಮೊಟ್ಟೆಮಾಡಿ ಎಂದೇ ಕರೆಯುತ್ತಾರೆ. ಅಲ್ಲಿ ಅವನು ಒಂದು ಬೈನಾಕ್ಯುಲರ್ ಹಿಡಿದು ಸಂಜೆಗಳನ್ನು ಕಳೆದ. ಮಗಳು ಮಾನ್ಯಾಳನ್ನು ಕಂಕುಳಲ್ಲಿ ಎತ್ತಿಕೊಂಡು ಹೋಗಿ ತೋರಿಸಲು ಶುರು ಮಾಡಿದವನು ಅವಳು ಕಾಲೇಜು ಮುಗಿಸಿದರೂ ಬಿಡಲಿಲ್ಲ.

"ಇಡೀ ಆಕಾಶ ಪೂರ್ವದಿಂದ ಪಶ್ಚಿಮಕ್ಕೆ ಉರುಳ್ತಿದೆ ಅನ್ನಿಸುತ್ತೆ ಅಲ್ವಾ? ಉರುಳೋದು ಅದಲ್ಲ, ನಾವು. ಈ ದಿನ ಏಳು ಗಂಟೆಗೆ ಆ ತೆಂಗಿನ ತುದೀಲಿ ಕಂಡ ನಕ್ಷತ್ರ ನಾಳೆ ನಾಲ್ಕು ನಿಮಿಷ ಮುಂಚೇನೇ ಅಲ್ಲಿಗೆ ಬಂದು ಕೂತಿರುತ್ತೆ. ತಿಂಗಳಾದ್ರೆ ಎರಡು ಗಂಟೆ ಮುಂಚೆ. ನಕ್ಷತ್ರ ಎಂದೂ ಮೋಸ ಮಾಡಲ್ಲ." ಇದು ಅವನ ಮೊದಲ ಪಾಠ. ಗ್ರಹಗಳದ್ದು ಎರಡನೇ ಪಾಠ. ಅವು ನಕ್ಷತ್ರಗಳ ನಡುವೆ ದಿನಕ್ಕಷ್ಟು ಪೂರ್ವಕ್ಕೆ ಸರಿಯುತ್ತವೆ, ಒಮ್ಮೊಮ್ಮೆ ನಿಂತು ಹಿಂದಕ್ಕೆ ಹೊರಡುತ್ತವೆ. ಅದೇ ವಕ್ರಗತಿ. ಗಿಂಡಿ ಸ್ಟೇಷನ್ ದಾಟಿದ ಮೇಲೆ ನಮ್ಮ ಲೋಕಲ್ ರೈಲು ಪಕ್ಕದ ಗೂಡ್ಸ್ ರೈಲನ್ನು ಹಿಂದೆ ಹಾಕುವಾಗ ಆ ಗೂಡ್ಸೇ ಹಿಂದಕ್ಕೆ ಹೋಗುತ್ತಿದೆ ಅನ್ನಿಸುತ್ತದಲ್ಲ, ಅಷ್ಟೇ ಇದರ ಗುಟ್ಟು ಎಂದು ಅವನು ವಿವರಿಸುತ್ತಿದ್ದ.

ಮಾನ್ಯಾ ಎಲ್ಲವನ್ನೂ ಕಲಿತಳು. ಯಾವ ತಿಂಗಳು, ಎಷ್ಟು ಗಂಟೆ ಎಂದು ಹೇಳಿದರೆ ಸಾಕು, ಬೆರಳು ನೇರ ನಕ್ಷತ್ರದ ಮೇಲೆ. ಈಗ ಹತ್ತಿರದ ಶಾಲೆಯೊಂದರಲ್ಲಿ ಗಣಿತದ ಟೀಚರು. "ನನ್ನ ಬೈನಾಕ್ಯುಲರಿಗಾದ್ರೂ ಧೂಳು ಕೂರುತ್ತೆ, ನನ್ನ ಮಗಳ ಕಣ್ಣಿಗೆ ಕೂರಲ್ಲ" ಎಂದು ತಿರುಮಲ ಊರೆಲ್ಲ ಹೇಳಿಕೊಂಡು ತಿರುಗಿದ. ಅಪ್ಪನ ಜಂಬ ಹೀಗಿತ್ತು. ಅವಳು ಸಂಜೆ ದೀಪ ಹಚ್ಚುವ ಮೊದಲೇ ಮನೆ ಸೇರುತ್ತಾಳೆ, ಸ್ಕೂಟರ್ ಕಲಿಯಲು ಒಪ್ಪಲಿಲ್ಲ, ಸಿನಿಮಾ ಥಿಯೇಟರಿಗೆ ಬಾ ಎಂದರೆ ತಲೆನೋವು ಎನ್ನುತ್ತಾಳೆ ಎಂಬುದೆಲ್ಲ ಮನೆಯವರಿಗೆ ಒಳ್ಳೆಯ ನಡತೆಯಾಗಿಯೇ ಕಂಡಿತ್ತು.

ಮದುವೆಯೂ ಗೊತ್ತಾಗಿತ್ತು. ಹುಡುಗನನ್ನು ಹುಡುಕಲು ಹೊರಗೆ ಹೋಗಬೇಕಾಗಿರಲಿಲ್ಲ. ಈ ಮನೆತನದಲ್ಲಿ ಯಾರೂ ಹೊರಗೆ ಹೋಗಿದ್ದೇ ಇಲ್ಲ. ತಿರುಮಲನ ಹೆಂಡತಿ ನೀರಜಾ ಅವನ ದೊಡ್ಡಕ್ಕ ಪ್ರೇಮಮ್ಮನ ಮಗಳು. ಸೋದರಮಾವನನ್ನೇ ಮದುವೆಯಾಗಿ ಮೂವತ್ತು ವರ್ಷವಾದರೂ ಅವನನ್ನು ಮಾಮ ಎಂದೇ ಕರೆಯುತ್ತಾಳೆ. ನೀರಜಾಳ ಅಣ್ಣ ವಿಷ್ಣುಮೂರ್ತಿ ಪಲ್ಲಾವರಂನಲ್ಲಿದ್ದಾನೆ. ಅವನು ಕಟ್ಟಿಕೊಂಡದ್ದೂ ಸೋದರತ್ತೆಯ ಮಗಳನ್ನೇ. ಅವನ ಮಗ ಸುಜಯೀಂದ್ರನಿಗೆ ಮಾನ್ಯಾಳನ್ನು ಕೊಡುವುದೆಂದು ಪ್ರೇಮಮ್ಮ ತೊಟ್ಟಿಲ ಹೊತ್ತಿನಲ್ಲೇ ಹೇಳಿಟ್ಟಿದ್ದಳು. ಮೊಮ್ಮಗ, ಮೊಮ್ಮಗಳು, ಎರಡೂ ಅವಳದೇ. ಹುಡುಗ ಆಡಿಟ್ ಆಫೀಸಿನಲ್ಲಿ ಕೆಲಸ, ರೈಲಿನಲ್ಲಿ ಓಡಾಟ, ಆರೂವರೆಗೆಲ್ಲ ಮನೆ. "ಈ ಕಾಲದಲ್ಲಿ ಯಾವ ಹುಡುಗ ಕತ್ತಲಾಗೋ ಮುಂಚೆ ಮನೆಗೆ ಬರ್ತಾನೆ, ಹೇಳು ಮಾಮ" ಎಂದು ನೀರಜಾ ಹಿಗ್ಗಿದ್ದಳು.

ನಿಶ್ಚಿತಾರ್ಥದ ದಿನ ತಿರುಮಲ ಎಲ್ಲರೆದುರು ಎದ್ದು ನಿಂತು ಒಂದೇ ಒಂದು ಷರತ್ತು ಹಾಕಿದ. ಅರುಂಧತಿಯನ್ನು ಫ್ಯಾನಿನ ಹತ್ತಿರ ತೋರಿಸಕೂಡದು. ಶಾಸ್ತ್ರದಲ್ಲಿ ಹೇಳಿದಂತೆ ಕತ್ತಲಾದ ಮೇಲೆ, ಬಯಲಿನಲ್ಲಿ, ನಿಜವಾದ ನಕ್ಷತ್ರ.

"ಅದೆಲ್ಲ ಯಾಕೆ ಮಾಮ, ಹಗಲೇ ಸಾಕು. ಪದ್ಧತಿ ತಾನೇ" ಎಂದಿದ್ದ ವಿಷ್ಣುಮೂರ್ತಿ. ವಯಸ್ಸಿನಲ್ಲಿ ಇಬ್ಬರೂ ಒಂದೇ, ತಿರುವಲ್ಲಿಕ್ಕೇಣಿಯ ಬೀದಿಯಲ್ಲಿ ಒಟ್ಟಿಗೆ ಗೋಲಿ ಆಡಿದವರು. ಸಂಬಂಧದ ಲೆಕ್ಕಕ್ಕೆ ಮಾತ್ರ ಮಾಮ.

"ನಿನಗೆ ಆಕಾಶ ಅಂದ್ರೆ ಸೀಲಿಂಗು. ಸುಮ್ನಿರು ಪಾ" ಎಂದು ತಿರುಮಲ ಅವನ ಬಾಯಿ ಮುಚ್ಚಿಸಿದ. ಎಲ್ಲರೂ ನಕ್ಕರು. ವಿಷ್ಣುಮೂರ್ತಿ ನಗಲಿಲ್ಲ. ಅದನ್ನು ಆಗ ಯಾರೂ ಗಮನಿಸಲಿಲ್ಲ.

ಜನವರಿಯಲ್ಲಿ ಸಂಜೆಯಾಗುತ್ತಲೇ ಗ್ರಹಗಳು ಸಾಲಾಗಿ ಕಾಣುತ್ತವೆಂದು ಟಿವಿಯವರು ಕೂಗಿ ಕೂಗಿ ಹೇಳಿದರು. ಅಪಾರ್ಟ್‌ಮೆಂಟಿನ ಮಕ್ಕಳೆಲ್ಲ ತಿರುಮಲನ ಬೆನ್ನು ಹತ್ತಿದರು. ನವೆಂಬರ್ ಕೊನೆಯ ಚಂಡಮಾರುತದಿಂದ ಹಿಡಿದು ತಾರಸಿಗೆ ಹೋಗುವುದೇ ನಿಂತುಹೋಗಿತ್ತು. ಮೊದಲು ಮಳೆ, ಆಮೇಲೆ ಮೋಡ, ಅದಾದ ಮೇಲೆ ಅವನಿಗೇ ಜ್ವರ. ಹಾಗಾಗಿ ಅಂದು ಎಲ್ಲರನ್ನೂ ಕರೆದು, ತಾರಸಿಯ ದೀಪ ಆರಿಸಿ, ಮಗಳನ್ನೇ ಪಾಠಕ್ಕೆ ನಿಲ್ಲಿಸಿದ.

ಮಾನ್ಯಾ ಚೆನ್ನಾಗಿಯೇ ಶುರು ಮಾಡಿದಳು. ಪಶ್ಚಿಮದಲ್ಲಿ ಶುಕ್ರ, ಅದರ ಕೆಳಗೆ ಶನಿ. ನೆತ್ತಿಯ ಹತ್ತಿರ ಗುರು, ಪಕ್ಕದಲ್ಲಿ ಕೆಂಪಾಗಿ ರೋಹಿಣಿ. ಮಕ್ಕಳು ಓಹೋ ಎಂದರು. ಕೆಳಗಿನ ಮನೆಯ ಪುಟ್ಟ ನಿಶ್ಮಿತಾ ಅವಳ ದುಪಟ್ಟಾ ಜಗ್ಗಿ, "ಅಕ್ಕಾ, ಸೆವ್ವಾಯ್ ಎಂಗೆ?" ಎಂದಳು. ಕುಜ ಎಲ್ಲಿ ಎಂದು ಕೇಳಿದ್ದು.

"ಅಲ್ಲಿ ನೋಡು" ಎಂದು ಮಾನ್ಯಾ ಪೂರ್ವಕ್ಕೆ, ಬೇವಿನ ಮರದ ಸ್ವಲ್ಪ ಮೇಲೆ ಬೆರಳು ಚಾಚಿದಳು. "ದೀಪಾವಳಿಗೆ ಪುನರ್ವಸು ದಾಟಿ ಪುಷ್ಯದ ಕಡೆಗೆ ಹೊರಟಿತ್ತು. ಈಗ ಪುಷ್ಯಾನೂ ದಾಟಿದೆ. ಕೆಂಪಗೆ, ದೊಡ್ಡದಾಗಿ ಕಾಣಿಸ್ತಿದೆ ಅಲ್ವಾ?"

ಮಕ್ಕಳು ನೋಡಿದರು. ಅಲ್ಲಿ ಕಪ್ಪು ಆಕಾಶ ಬಿಟ್ಟು ಬೇರೇನೂ ಇರಲಿಲ್ಲ.

"ಅಕ್ಕಾ, ಅಂಗೆ ಒಣ್ಣುಮೇ ಇಲ್ಲಯೇ!" ನಿಶ್ಮಿತಾ ಕಿಲಕಿಲ ನಕ್ಕಳು. ಅಲ್ಲೇನೂ ಇಲ್ಲವಲ್ಲ ಎಂದು ಉಳಿದ ಮಕ್ಕಳೂ ದನಿಗೂಡಿಸಿದರು. ಕುಜ ಇದ್ದದ್ದು ಅದಕ್ಕಿಂತ ಎಷ್ಟೋ ಮೇಲೆ, ಪುನರ್ವಸುವಿನ ಅವಳಿ ನಕ್ಷತ್ರಗಳ ಪಕ್ಕದಲ್ಲಿ; ಕೆಂಡದಂತೆ ಉರಿಯುತ್ತಿತ್ತು.

ತಿರುಮಲನೂ ನಕ್ಕ. "ನೋಡ್ರಪ್ಪಾ, ಟೀಚರೇ ಫೇಲು! ಡಿಸೆಂಬರಲ್ಲಿ ಅದು ವಕ್ರ ಆಗಿ ಹಿಂದಕ್ಕೆ ತಿರುಗಿದ್ದನ್ನ ಮರೆತುಬಿಟ್ಟಳು" ಎಂದು ಗೂಡ್ಸ್ ರೈಲಿನ ಕತೆ ಶುರು ಮಾಡಿದ. ಕತೆಯ ನಡುವೆಯೇ ಅವನ ನಾಲಿಗೆ ತಡವರಿಸಿತು. ಲೆಕ್ಕ ತಪ್ಪಬಹುದು, ಯಾರದಾದರೂ ತಪ್ಪುತ್ತದೆ. ಆದರೆ ಕಣ್ಣು ಬಿಟ್ಟುಕೊಂಡು ನಿಂತವಳು, ಏನೂ ಇಲ್ಲದ ಕಡೆ ಬೆರಳು ತೋರಿಸಿ ಕೆಂಪಗೆ ಕಾಣಿಸ್ತಿದೆ ಎಂದು ಯಾಕೆ ಹೇಳಬೇಕು?

ಮಕ್ಕಳು ಇಳಿದುಹೋದ ಮೇಲೂ ಅವನು ದೀಪ ಹಾಕಲಿಲ್ಲ. ಮಾನ್ಯಾ ಗೋಡೆಗೆ ಒರಗಿ ನಿಂತು, ನಾಳೆ ಶಾಲೆಯಲ್ಲಿ ಏನೋ ಪರೀಕ್ಷೆ ಎಂದು ಹೇಳುತ್ತಿದ್ದಳು. ತಿರುಮಲ ಚಪ್ಪಲಿ ಕಳಚಿ, ಸದ್ದಾಗದಂತೆ ಅವಳೆದುರಿನಿಂದ ಪಕ್ಕಕ್ಕೆ ಸರಿದ. ಇನ್ನೂ ಸರಿದು ಬಟ್ಟೆ ಒಣಗಿಸುವ ತಂತಿಯ ಹತ್ತಿರ ಹೋಗಿ ನಿಂತ. ಅವಳು ಅವನು ಮೊದಲು ನಿಂತಿದ್ದ ಜಾಗವನ್ನೇ ನೋಡುತ್ತಾ, ಕೈಯಾಡಿಸಿಕೊಂಡು, ನಗುನಗುತ್ತಾ ಮಾತಾಡುತ್ತಲೇ ಇದ್ದಳು. "ಏನಂತಿ ಅಪ್ಪಾ?" ಎಂದು ಆ ಖಾಲಿ ಜಾಗವನ್ನು ಕೇಳಿದಳು.



"ಮಾನ್ಯಾ, ನಿಜ ಹೇಳು" ಎಂದ. ದನಿ ಬಂದ ಕಡೆಗೆ ಅವಳು ಥಟ್ಟನೆ ತಿರುಗಿದಳು. ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

"ದೊಡ್ಡ ದೊಡ್ಡದು ಕಾಣುತ್ತೆ ಅಪ್ಪಾ. ಶುಕ್ರ, ಗುರು, ಎಲ್ಲಿದೆ ಅಂತ ಮುಂಚೇನೇ ತೆರಿಞ್ಚಿದ್ರೆ, ಗೊತ್ತಿದ್ರೆ, ಅಲ್ಲೇ ನೋಡಿದ್ರೆ ಕಾಣುತ್ತೆ. ಮಿಕ್ಕಿದ್ದು ಯಾವತ್ತೂ ಕಂಡಿಲ್ಲ. ಚಿಕ್ಕೋಳಿದ್ದಾಗಿಂದ."

"ಮತ್ತೆ ಕಾಣಿಸ್ತು, ಕಾಣಿಸ್ತು ಅಂತ ಇಷ್ಟು ವರ್ಷ..."

"ಎಲ್ಲರೂ ಹಾಗೇ ಅಂತಾರೆ ಅಂದ್ಕೊಂಡಿದ್ದೆ. ನಿಜ ಅಪ್ಪಾ. ಯಾರದೋ ಮದುವೇಲಿ ಆಚಾರ್ರು ಫ್ಯಾನ್ ಕಡೆ ತೋರಿಸಿದ್ರು, ಹುಡುಗಿ ಕಾಣಿಸ್ತು ಅಂದಳು. ಅಲ್ಲಿ ಏನೂ ಇಲ್ವಲ್ಲ ಅಜ್ಜಿ ಅಂತ ಕೇಳಿದೆ. ಇಲ್ಲದಿದ್ರೂ ಕಾಣಿಸ್ತು ಅನ್ನಬೇಕು, ಅದೇ ಪದ್ಧತಿ, ಸುಮ್ನಿರು ಅಂದಳು ಅಜ್ಜಿ. ನೀನು ಮೊಟ್ಟೆಮಾಡೀಲಿ ಕೇಳ್ದಾಗ್ಲೂ ಅದೇ ಆಟ ಅಂದ್ಕೊಂಡೆ. ಎಲ್ಲೆಲ್ಲಿ ಏನೇನು ಇರಬೇಕು ಅಂತ ಕಲಿತುಕೊಂಡೆ. ನೀನು ಅಷ್ಟು ಖುಷಿ ಪಡ್ತಿದ್ದೆ. ಕಾಲೇಜಲ್ಲಿ ಫ್ರೆಂಡ್ಸ್ ಜೊತೆ ಸಂಜೆ ಬೀಚಿಗೆ ಹೋದಾಗಲೇ ತಿಳಿದದ್ದು, ಅವರಿಗೆಲ್ಲ ನಿಜವಾಗ್ಲೂ ಕಾಣುತ್ತೆ ಅಂತ. ಆಮೇಲೆ ಹೇಳೋಕೆ ಆಗ್ಲಿಲ್ಲ. ನೀನು ಊರಿಗೆಲ್ಲ ನನ್ನ ಕಣ್ಣಿನ ಬಗ್ಗೆನೇ ಹೇಳ್ಕೊಂಡು ಬಂದಿದ್ದೆಯಲ್ಲ."

ತಿರುಮಲ ಬೈಯಲಿಲ್ಲ. ಬೈಯಲು ಯಾರನ್ನು ಬೈಯಬೇಕು? ಇಪ್ಪತ್ತು ವರ್ಷ ಮಗಳಿಗೆ ನಕ್ಷತ್ರ ತೋರಿಸಿದವನು ಒಂದು ದಿನವಾದರೂ ನಕ್ಷತ್ರ ಬಿಟ್ಟು ಮಗಳ ಮುಖ ನೋಡಿದ್ದರೆ ಗೊತ್ತಾಗುತ್ತಿತ್ತು. ಅವಳ ಮೊಣಕೈ ಹಿಡಿದು ಮೆಟ್ಟಿಲು ಇಳಿಸಿದ. ಅವಳು ಬೇಡ ಎನ್ನಲಿಲ್ಲ. ಅದೇ ಅವನನ್ನು ಹೆಚ್ಚು ಹೆದರಿಸಿತು.

ಕಣ್ಣಾಸ್ಪತ್ರೆಯ ಡಾಕ್ಟರು ಸಮಾಧಾನದ ಮನುಷ್ಯ. ಬೆಳಕನ್ನು ಹಿಡಿಯುವ ಒಳಪದರ ಒಣಗುತ್ತಾ ಬರುವ ಕಾಯಿಲೆ ಎಂದರು. ಮೊದಲು ಕತ್ತಲಲ್ಲಿ ಕಾಣುವುದು ಹೋಗುತ್ತದೆ, ಆಮೇಲೆ ಅಕ್ಕಪಕ್ಕದ್ದು. ಕೊಳವೆಯೊಳಗಿಂದ ನೋಡಿದಂತೆ ನಡುವಿನದಷ್ಟೇ ಉಳಿಯುತ್ತದೆ. ಕೊನೆಗೆ ಅದೂ ಹೋಗಬಹುದು. ಎಷ್ಟು ವರ್ಷಕ್ಕೆ ಎಂದು ಹೇಳಲಾಗದು. ಗುಣಪಡಿಸುವ ಮದ್ದು ಅವಳಿಗೆ ಸದ್ಯಕ್ಕಿಲ್ಲ. ಇಷ್ಟು ಹೇಳಿ, ಕನ್ನಡಕ ತೆಗೆದು, ತಿರುಮಲನನ್ನೂ ನೀರಜಾಳನ್ನೂ ನೋಡಿ, "ನೀವಿಬ್ಬರೂ ಸಂಬಂಧದಲ್ಲೇ ಮದುವೆಯಾದವರಾ?" ಎಂದು ಕೇಳಿದರು.

ನೀರಜಾ ತಲೆ ತಗ್ಗಿಸಿದಳು. ಸೋದರಮಾವ ಎಂದು ತಿರುಮಲನೇ ಹೇಳಬೇಕಾಯಿತು. ಹೇಳುವಾಗ ಏನೋ ಕದ್ದು ಸಿಕ್ಕಿಬಿದ್ದವನಂತೆ ಅವನ ದನಿ ಇಳಿಯಿತು. ಹುಡುಗಿಗೆ ಮದುವೆ ಗೊತ್ತಾಗಿದೆ, ಹುಡುಗ ಮನೆಯೊಳಗಿನವನೇ ಎಂದು ತಿಳಿದಾಗ ಡಾಕ್ಟರು, "ಹಾಗಾದ್ರೆ ಅವರಿಗೆ ಈಗಲೇ ಹೇಳಿ. ಹುಡುಗನನ್ನೂ ಒಮ್ಮೆ ಕರ್ಕೊಂಡು ಬನ್ನಿ. ಮುಂದೆ ಮಕ್ಕಳ ವಿಷಯ ಇದೆ" ಎಂದರು.

ಮನೆಗೆ ಬರುವ ಆಟೋದಲ್ಲಿ ಮಾನ್ಯಾ ಅಪ್ಪನ ಕೈ ಹಿಡಿದಳು. "ಅಪ್ಪಾ, ಸುಜಯನಿಗೆ ನಾನು ಹೇಳ್ಳಾ?"

"ಬೇಡ. ದೊಡ್ಡವರ ಮಾತು ದೊಡ್ಡವರೇ ಆಡ್ಬೇಕು."

"ಸರಿ, ನೀನೇ ಹೇಳು. ಆದ್ರೆ ಹೇಳಬೇಕು. ಅವರು ವೇಂಡಾಂ ಅಂದ್ರೆ ಅಲ್ಲಿಗೆ ಬಿಟ್ಟುಬಿಡೋಣ, ನಾನು ಅಳಲ್ಲ. ಮೋಸ ಮಾತ್ರ ಆಗಬಾರದು. ಇನ್ನೊಂದು ಸಲ ಕಾಣಿಸ್ತು ಅಂತ ನನ್ನ ಕೈಲಿ ಸುಳ್ಳು ಹೇಳಿಸಬೇಡ."

ಹೇಳುತ್ತೇನೆ ಎಂದು ಅವನು ಮಾತು ಕೊಟ್ಟ.

ಮಾರನೇ ಶುಕ್ರವಾರ ಪಲ್ಲಾವರಂಗೆ ಹೋದ. ಸಂತೆಯ ದಿನ, ಹಳೆಯ ಫ್ಯಾನು, ಗಿಡದ ಕುಂಡ, ಪಾರಿವಾಳ, ಕೊಳ್ಳುವವರ ಗದ್ದಲ ದಾಟಿ ವಿಷ್ಣುಮೂರ್ತಿಯ ಮನೆ ತಲುಪುವಷ್ಟರಲ್ಲಿ ಹೇಳಬೇಕಾದ ಮಾತನ್ನು ಹತ್ತು ಸಲ ಜೋಡಿಸಿ ಹತ್ತು ಸಲ ಕೆಡಿಸಿದ್ದ. ಪ್ರೇಮಮ್ಮ ಸೊಸೆಯೊಡನೆ ಮಠಕ್ಕೆ ಹೋಗಿದ್ದಳು. ಮನೆಯಲ್ಲಿ ಇಬ್ಬರೇ. ವಿಷ್ಣುಮೂರ್ತಿ ಕಾಫಿ ತಂದಿಟ್ಟ. ಇಬ್ಬರೂ ಲೋಟ ಮುಗಿಸಿದರು.

"ವಿಷ್ಣು, ಆ ಅರುಂಧತಿ ವಿಷಯ..." ಎಂದು ತಿರುಮಲ ಕೊನೆಗೆ ಶುರು ಮಾಡಿದ.

"ಹೌದು ಮಾಮ, ನಾನೂ ಅದೇ ಕೇಳಬೇಕು ಅಂತಿದ್ದೆ." ವಿಷ್ಣುಮೂರ್ತಿ ಮಧ್ಯದಲ್ಲೇ ಹಿಡಿದುಕೊಂಡ. "ರಾತ್ರಿ ಎಲ್ಲ ಬೇಡ ಮಾಮ. ವಯಸ್ಸಾದವರು ಇರ್ತಾರೆ, ಮೆಟ್ಟಿಲು ಹತ್ತಿ ಇಳಿಯೋದು ಕಷ್ಟ. ಹಗಲೇ ಮುಗಿಸಿಬಿಡೋಣ. ನಿನ್ನ ಕಾಲಿಗೆ ಬೀಳ್ತೀನಿ, ಇದೊಂದು ನಡೆಸಿಕೊಡು."

ಅವನ ಕಣ್ಣಲ್ಲಿ ನೀರು ತುಂಬಿತ್ತು. ಒಂದು ಪದ್ಧತಿಯ ವಿಷಯಕ್ಕೆ ಇಷ್ಟು ಯಾಕೆ ಎಂದು ಬೇರೆ ದಿನವಾಗಿದ್ದರೆ ತಿರುಮಲ ಕೇಳುತ್ತಿದ್ದ. ಅಂದು ಅವನಿಗೆ ಕಂಡದ್ದು ತಪ್ಪಿಸಿಕೊಳ್ಳುವ ದಾರಿ ಒಂದೇ. ತಾನಾಗಿ ಬಾಗಿಲು ತೆರೆದುಕೊಂಡಾಗ ನುಗ್ಗುವವನಂತೆ ನುಗ್ಗಿದ.

"ಆಗಲಿ ಪಾ. ನಿನಗಿಂತ ನಕ್ಷತ್ರ ಹೆಚ್ಚಾ? ಹಗಲೇ ಆಗಲಿ."

ಇಬ್ಬರೂ ದೊಡ್ಡ ಉಸಿರು ಬಿಟ್ಟರು. ಇಬ್ಬರೂ ಇನ್ನೇನೋ ಹೇಳುವವರಂತೆ ಒಬ್ಬರನ್ನೊಬ್ಬರು ನೋಡಿದರು. ಅಷ್ಟರಲ್ಲಿ ಪ್ರೇಮಮ್ಮ ಬಂದಳು, ಹೂವು ಪ್ರಸಾದ ಕೊಟ್ಟಳು, ಸೀರೆಯ ಮಾತು ತೆಗೆದಳು. ಮಾತು ಅಲ್ಲಿಗೆ ಸತ್ತಿತು.

ಮನೆಯಲ್ಲಿ ಮಾನ್ಯಾ ಬಾಗಿಲಲ್ಲೇ ಕಾಯುತ್ತಿದ್ದಳು. "ಹೇಳಿದೆಯಾ?"

"ಹೇಳಿದೆ."

"ಏನಂದ್ರು?"

"ನಮ್ಮ ಮಗೂ ತಾನೇ, ಪರವಾಗಿಲ್ಲ ಅಂದ್ರು. ಸುಜಯನಿಗೂ ಅವರೇ ಹೇಳ್ತಾರಂತೆ. ನೀನು ಅವನ ಹತ್ರ ಈ ಮಾತು ಎತ್ತಬೇಡ ಮಾ, ನೊಂದ್ಕೋತಾನೆ."

ಅಂದು ಅವಳು ಅತ್ತಳು. ಅಪ್ಪನ ಹೆಗಲ ಮೇಲೆ ಮುಖವಿಟ್ಟು, ಸಂತೋಷಕ್ಕೆ ಅತ್ತಳು. ಅವಳ ಬೆನ್ನು ಸವರುತ್ತಾ ನಿಂತ ತಿರುಮಲನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಆದರೂ ನಿಜ ಬಾಯಿಗೆ ಬರಲಿಲ್ಲ. ಮದುವೆಯೊಂದು ಆಗಲಿ, ಆಮೇಲೆ ಹೇಗೋ ಆಗುತ್ತದೆ ಎಂದುಕೊಂಡ. ನೀರಜಾಳಿಗೂ ಅದನ್ನೇ ಹೇಳಿದ. ಅವಳು, "ನಿನ್ನಿಷ್ಟ ಮಾಮ" ಎಂದು ಅಡುಗೆಮನೆಗೆ ಹೋದಳು. ಆ ದಿನದಿಂದ ಅವಳು ಗಂಡನ ಮುಖ ನೋಡಿ ಮಾತಾಡಿದ್ದು ಕಡಿಮೆ.

ವೈಶಾಖದಲ್ಲಿ ಮದುವೆ ನಡೆಯಿತು. ಮಂಟಪದ ತುಂಬ ಟ್ಯೂಬ್‌ಲೈಟು. ಮುಹೂರ್ತ ಮುಗಿದು, ಸಪ್ತಪದಿಯಾಗಿ, ಪುರೋಹಿತರು ಅರುಂಧತಿಗೆ ಕೈಯೆತ್ತಿದಾಗ ಮುಂದಿನ ಸಾಲಿನ ಕಡೆ ಹೆದರುತ್ತಲೇ ನೋಡಿದರು. ತಿರುಮಲ ತುಟಿ ಬಿಚ್ಚಲಿಲ್ಲ. ಫ್ಯಾನು ತಿರುಗುತ್ತಿತ್ತು. ಕಾಣಿಸ್ತು ಎಂದಳು ಮಾನ್ಯಾ. ಕಾಣಿಸ್ತು ಎಂದ ಸುಜಯೀಂದ್ರ. ಅಲ್ಲಿಗೆ ಗೆದ್ದೆ ಎಂದು ತಿರುಮಲ ಅಂಗವಸ್ತ್ರದಿಂದ ಹಣೆ ಒರೆಸಿಕೊಂಡ.

ಆದರೆ ಪ್ರೇಮಮ್ಮ ಬಿಡುವವಳಲ್ಲ. ಸಂಜೆ ಮದುಮಕ್ಕಳನ್ನು ಕೂರಿಸಿ ಹಾಡು ಹಸೆ ಆದ ಮೇಲೆ, ಹತ್ತಾರು ನೆಂಟರ ಎದುರು ತಮ್ಮನನ್ನು ಹಿಡಿದಳು. "ಏನೋ ತಿರುಮಲಾ, ನಿಜವಾದ ಅರುಂಧತಿ ತೋರಿಸ್ತೀನಿ ಅಂತ ಊರೆಲ್ಲ ಡಂಗುರ ಹೊಡೆದೆ. ಈಗೇನು ಫ್ಯಾನು ನೋಡಿ ಕೈ ಮುಗಿದೆ? ನಾನು ಸಾಯೋ ಮುಂಚೆ ಒಂದು ಸಲ ನಿಜದ್ದು ನೋಡ್ತೀನಿ. ನಡೀರಿ ಮೊಟ್ಟೆಮಾಡಿಗೆ."

"ಬೇಡ ಅಮ್ಮಾ, ಕತ್ತಲು" ಎಂದ ವಿಷ್ಣುಮೂರ್ತಿ. "ಬೇಡ ಅಕ್ಕಾ, ಮೋಡ" ಎಂದ ತಿರುಮಲ. ಆಕಾಶದಲ್ಲಿ ಒಂದು ತುಣುಕು ಮೋಡವಿರಲಿಲ್ಲ. ನೆಂಟರು ಆಗಲೇ ಎದ್ದಿದ್ದರು.

ಮಾನ್ಯಾ ಅಪ್ಪನ ಪಕ್ಕಕ್ಕೆ ಬಂದು ಪಿಸುಗುಟ್ಟಿದಳು. "ಇರಲಿ ಬಿಡು ಅಪ್ಪಾ. ವೈಶಾಖ, ಎಂಟು ಗಂಟೆ. ಉತ್ತರಕ್ಕೆ, ಸ್ವಲ್ಪ ಪೂರ್ವಕ್ಕೆ ವಾಲಿ, ಅರ್ಧಕ್ಕೆ ಸ್ವಲ್ಪ ಕೆಳಗೆ. ನನಗೆ ಗೊತ್ತು. ಸುಜಯನಿಗೆ ಹೇಗೂ ತಿಳಿದಿದೆಯಲ್ಲ. ಅಜ್ಜಿಗೋಸ್ಕರ 'ಕಾಣಿಸ್ತು' ಅಂದ್ರೆ ಮೋಸ ಆಗಲ್ಲ."

ಒಪ್ಪಬಾರದಿತ್ತು. ಒಪ್ಪಿದ. ಹೇಳಲು ನಾಚಿಕೆಯಾಗುವ ಮಾತು, ಆದರೂ ಹೇಳಬೇಕು: ಇಷ್ಟೆಲ್ಲ ಆದ ಮೇಲೂ ಮಗಳ ಬೆರಳು ಹತ್ತು ಜನರೆದುರು ಅರುಂಧತಿಯ ಮೇಲೆ ನೇರ ನಿಲ್ಲುವುದನ್ನು ನೋಡುವ ಆಸೆ ಅವನಲ್ಲಿ ಸತ್ತಿರಲಿಲ್ಲ.

ಮದುವೆ ಮಂಟಪದ ತಾರಸಿಯಲ್ಲಿ ಸೀರಿಯಲ್ ಲೈಟು ಆರಿಸಿದರು. ಚಂದ್ರ ಇನ್ನೂ ಹುಟ್ಟಿರಲಿಲ್ಲ. ಪಟ್ಟಣದ ಬೆಳಕಿನ ನಡುವೆಯೂ ಸಪ್ತರ್ಷಿಮಂಡಲ ಉತ್ತರದಲ್ಲಿ ಬಾಗಿ ನಿಂತಿತ್ತು. ಮಾನ್ಯಾ ಗೋಡೆ ಮುಟ್ಟಿ ದಿಕ್ಕು ಗೊತ್ತು ಮಾಡಿಕೊಂಡು, ತುಂಬಿದ ಬಳೆಯ ಕೈಯನ್ನು ಎತ್ತಿದಳು. ಬಾಲದ ನಡುವಿನ ನಕ್ಷತ್ರ ವಸಿಷ್ಠ, ಅದಕ್ಕಂಟಿದ ಚುಕ್ಕಿ ಅರುಂಧತಿ. ಬೆರಳು ಒಂದು ಕೂದಲೆಳೆಯೂ ಆಚೀಚೆ ಇರಲಿಲ್ಲ. ನೆಂಟರ ಹುಡುಗನೊಬ್ಬ ತಂದಿದ್ದ ಬೈನಾಕ್ಯುಲರ್ ಕೈಯಿಂದ ಕೈಗೆ ಹೋಯಿತು. "ಅಪ್ಪನ ಮಗಳು!" ಎಂದರು ಜನ.

"ಅವಳಿಗೆ ಕಾಣಿಸ್ತು. ನಿನಗೋ ಸುಜಯಾ?" ಎಂದಳು ಪ್ರೇಮಮ್ಮ.

"ಕಾಣಿಸ್ತು ಅಜ್ಜಿ. ಚೆನ್ನಾಗಿ ಕಾಣಿಸ್ತು."

"ಎಲ್ಲಿ, ನನಗೂ ತೋರಿಸು."

ಸುಜಯೀಂದ್ರ ಒಂದು ಗಳಿಗೆ ತಡೆದು ಕೈಯೆತ್ತಿದ. ಬೆಳಿಗ್ಗೆ ಪುರೋಹಿತರು ಎತ್ತಿದಂತೆಯೇ, ತಲೆಯ ಮೇಲಕ್ಕೆ, ಎದುರಿಗೆ. ಎದುರಿಗಿದ್ದದ್ದು ದಕ್ಷಿಣ. ಅಲ್ಲಿ ಆಕಾಶವೂ ಇರಲಿಲ್ಲ. ಮಂಟಪದ ನೀರಿನ ಟ್ಯಾಂಕು ಕಪ್ಪಗೆ, ಮನೆಯಷ್ಟು ದೊಡ್ಡದಾಗಿ ಅಡ್ಡ ನಿಂತಿತ್ತು. ಅವನ ಬೆರಳು ಅದರ ಸಿಮೆಂಟಿನ ಗೋಡೆಯನ್ನು ತೋರಿಸುತ್ತಿತ್ತು.

ಯಾರೋ ನಕ್ಕರು, ತಮಾಷೆ ಎಂದುಕೊಂಡು. ತಿರುಮಲನೂ ನಗಲು ಬಾಯಿ ತೆರೆದ. ಅಷ್ಟರಲ್ಲಿ ಹಿಂದಿನಿಂದ ವಿಷ್ಣುಮೂರ್ತಿಯ ಕೈ ಬಂತು. ಮಗನ ಮೊಣಕೈಯನ್ನು ಮೆಲ್ಲಗೆ ಹಿಡಿದು, ಮೈಯನ್ನೇ ಉತ್ತರಕ್ಕೆ ತಿರುಗಿಸಿ, "ಈ ಕಡೆ ಕಣೋ" ಎಂದ ಅವನು. ಎಷ್ಟೋ ವರ್ಷ ಅದೇ ಕೆಲಸ ಮಾಡಿ ಪಳಗಿದ ಕೈ. ಆ ಹಿಡಿತ ತಿರುಮಲನಿಗೆ ಗೊತ್ತಿತ್ತು. ಜನವರಿಯಿಂದ ಮೆಟ್ಟಿಲುಗಳಲ್ಲಿ, ಸಂಜೆಯ ಬೀದಿಗಳಲ್ಲಿ, ಮಾನ್ಯಾಳ ಮೊಣಕೈಯಡಿ ಅವನ ಸ್ವಂತ ಕೈ ಕಲಿತ ಹಿಡಿತ ಅದೇ.

ಆರೂವರೆಗೆಲ್ಲ ಮನೆ. ರೈಲಿನ ಓಡಾಟ. ಹಗಲೇ ಸಾಕು ಮಾಮ. ಕಾಲಿಗೆ ಬೀಳ್ತೀನಿ. ಒಂದೊಂದೇ ಬಂದು ಅವನ ಎದೆಯ ಮೇಲೆ ಕೂತವು. ಹುಡುಗನನ್ನೂ ಒಮ್ಮೆ ಕರ್ಕೊಂಡು ಬನ್ನಿ ಎಂದಿದ್ದರು ಡಾಕ್ಟರು. ಅವನು ವಿಷ್ಣುಮೂರ್ತಿಯನ್ನು ನೋಡಿದ. ವಿಷ್ಣುಮೂರ್ತಿಯೂ ಅವನನ್ನೇ ನೋಡುತ್ತಿದ್ದ, ಆಮೇಲೆ ಕಣ್ಣು ತಗ್ಗಿಸಿದ.

"ಇಬ್ಬರಿಗೂ ಕಾಣಿಸ್ತಲ್ಲ, ನನ್ನ ಜನ್ಮ ಸಾರ್ಥಕ" ಎಂದಳು ಪ್ರೇಮಮ್ಮ. ಯಾರದೋ ತೋಳು ಹಿಡಿದು ಇಳಿದಳು. ನೆಂಟರು ಅವಳ ಹಿಂದೆ ಇಳಿದರು. ನೀರಜಾ ಆರತಿಗೆ ಸಿದ್ಧ ಮಾಡಲು ಮೊದಲೇ ಹೋಗಿದ್ದಳು. ಲೈಟು ಹಾಕಿ ಎಂದು ಕೂಗಿದವರಿದ್ದರು, ಹಾಕಿದವರಿಲ್ಲ. ತಾರಸಿಯ ನಡುವೆ ಮದುಮಕ್ಕಳಿಬ್ಬರೇ ಉಳಿದರು. ಸುಜಯೀಂದ್ರ ಗಾಳಿಯಲ್ಲಿ ತಡಕಿ ಮಾನ್ಯಾಳ ಕೈ ಹುಡುಕಿದ. ಅವಳೂ ಕೈ ಚಾಚಿದ್ದಳು. ಎರಡೂ ಸಿಕ್ಕಿಕೊಂಡವು.

"ನೀನು ಮುಂದೆ ನಡಿ" ಎಂದ ಅವನು, ತಗ್ಗಿದ ದನಿಯಲ್ಲಿ. "ಮೆಟ್ಟಿಲು ಎಲ್ಲಿ ಅಂತ ನನಗೆ ತೆರಿಯಲ್ಲ, ಕಾಣಲ್ಲ."

"ನೀನು ನಡಿ. ಕತ್ತಲಲ್ಲಿ ನನಗೆ ಹೇಗೆ ಆಗುತ್ತೆ?"

"ಯಾಕೆ, ನಮ್ಮಪ್ಪ ನಿಮ್ಮ ಮನೇಲಿ ಎಲ್ಲಾ ಹೇಳಿದಾರಲ್ಲ. ನನ್ನ ಕಣ್ಣಿನ ವಿಷಯ. ನೀನು ಒಪ್ಪಿದೆ ಅಂದ್ರು."

ಮಾನ್ಯಾ ಹಿಡಿದ ಕೈಯನ್ನು ಬಿಡಲಿಲ್ಲ. ಇಬ್ಬರೂ, ಇನ್ನೊಬ್ಬರು ಹೆಜ್ಜೆ ಇಡಲೆಂದು ಕಾಯುತ್ತಿದ್ದವರು, ಹಾಗೇ ನಿಂತರು. ಆಮೇಲೆ ಅವಳು ಕತ್ತು ತಿರುಗಿಸಿದಳು.

"ಅಪ್ಪಾ?" ಎಂದಳು. "ನೀನು ಅವರಿಗೆ ಹೇಳಿದೆ ಅಲ್ವಾ ಅಪ್ಪಾ?"

ಅವಳು ಕೇಳಿದ್ದು ನಕ್ಷತ್ರ ತೋರಿಸುವಾಗ ಅವನು ನಿಂತಿದ್ದ ಜಾಗವನ್ನು. ಈಗ ಅವನು ಅಲ್ಲಿರಲಿಲ್ಲ. ಮೆಟ್ಟಿಲ ಬಾಗಿಲ ಹತ್ತಿರ, ವಿಷ್ಣುಮೂರ್ತಿಯ ಪಕ್ಕದಲ್ಲಿ ನಿಂತಿದ್ದ. ಇಬ್ಬರೂ ಉಸಿರು ಬಿಗಿಹಿಡಿದಿದ್ದರು, ಸದ್ದಾದರೆ ಮಕ್ಕಳಿಗೆ ತಾವಿರುವುದು ತಿಳಿದೀತೆಂದು.